ಪಾಸ್‌ವರ್ಡ್ ತಪ್ಪು ಎಂದ ಬೆಳಿಗ್ಗೆ

ನಾಲ್ಕನೆಯ ಸಲವೂ ಕಂಪ್ಯೂಟರ್ ಒಳಗೆ ಬಿಡಲಿಲ್ಲ.

ಹೊಲಿಗೆ ಸಂಘದ ಅಕ್ಕನಿಗೆ ಕೈಕಾಲೇ ಆಡಲಿಲ್ಲ. ಮಂಡಿನೋವಿನಿಂದ ಮಿಷನ್ ತುಳಿಯುವುದು ಕಷ್ಟವಾದಾಗ ಹಟ ಹಿಡಿದು ಕಂಪ್ಯೂಟರ್ ಕಲಿತು, ಆರ್ಡರ್ ನೋಡುವ ಈ ಕುರ್ಚಿಗೆ ಬಂದವಳು ಅವಳು. ಆಸ್ಪತ್ರೆಯ ಗೌನುಗಳ ಆರ್ಡರಿಗೆ ಮಧ್ಯಾಹ್ನದೊಳಗೆ ಒಪ್ಪಿಗೆ ಕಳಿಸಬೇಕಿತ್ತು. ನಿನ್ನೆಯವರೆಗೂ ನಡೆದ ಪಾಸ್‌ವರ್ಡ್ ಇವತ್ತು ತಪ್ಪಂತೆ!

ಪಕ್ಕದ ಮಿಷನ್ನಿನಿಂದ ಅವಳ ಓರಗಿತ್ತಿ ಕತ್ತು ಚಾಚಿದಳು. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಐವತ್ತಕ್ಕೇ ಬಂತಲ್ಲಕ್ಕಾ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಒಳಗೊಳಗೇ ಮಾತ್ರ ಹೆದರಿದಳು. ಅವಳ ತಾಯಿಗೆ ಮರೆವು ಶುರುವಾದದ್ದು ಹೀಗೇ. ಮೊದಲು ಒಲೆ ಆರಿಸುವುದು ಮರೆಯಿತು, ಕೊನೆಗೆ ಹೆತ್ತ ಮಗಳ ಹೆಸರು. ನನಗೂ ಬಂತೇನೋ? ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಮತ್ತೆ ಮತ್ತೆ ಕೀಬೋರ್ಡ್ ಕುಟ್ಟಿದಳು. ಪರದೆಯ ಮೇಲೆ ಉದ್ದನೆಯ ಸಾಲೊಂದು ಮೂಡಿತು. ಓದುವ ಧೈರ್ಯವಾಗಲಿಲ್ಲ.

"ಆ ಪಾಸ್‌ವರ್ಡನ್ನ ಗೋಡೆ ಮೇಲೆ ಬರೆದುಹಾಕು, ಪೀಡೆ ಹೋಗ್ಲಿ" ಅಂದಳು ಓರಗಿತ್ತಿ.

"ನೀವು ಬೀಗದ ಕೈಯನ್ನ ಮನೆ ಬಾಗಿಲಿಗೇ ನೇತುಹಾಕಿ ಬರ್ತೀರಾ?"

ಹಾಗೆ ಕೇಳಿದವಳು ಎದುರಿನ ಅಂಗಡಿಯ ಕಂಪ್ಯೂಟರ್ ರಿಪೇರಿಯವಳು, ಅಕ್ಕನಿಗೆ ಇದನ್ನೆಲ್ಲ ಕಲಿಸಿದ ಗೆಳತಿ. ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದಿದ್ದಳು.

"ಮೊದಲು ಕೈ ತೆಗಿ. ಏನು ಬರೆದಿದೆ, ಓದು ನೋಡೋಣ."

ಅಕ್ಕ ತಡವರಿಸಿದಳು. "ಹಲವು ಸಲ ತಪ್ಪಾಗಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ."

"ನೋಡು, ಸುಮ್ನಿರು ತಾಯಿ ಅಂತ ಅದೇ ಬೇಡ್ಕೊಳ್ತಿದೆ! ಮೇಲಿರೋ ಹೆಸರು ನಿನ್ನದೇ ತಾನೆ?"

"ನನ್ನದೇ."

"ಬಂದವಳು ಏನೇನು ಮಾಡಿದೆ?"

"ಏನಿದೆ ಮಾಡೋಕೆ? ಆನ್ ಮಾಡ್ದೆ. ಅದು ಏಳೋಷ್ಟರಲ್ಲಿ ಕೀಬೋರ್ಡ್ ಒರೆಸ್ದೆ. ನೂಲು, ಧೂಳು ಎಷ್ಟಿತ್ತು ಅಂತೀಯ!"

ಗೆಳತಿ ಮೀಸೆ ಇಲ್ಲದಿದ್ದರೂ ಮೀಸೆಯಡಿ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, ಎಲ್ಲರನ್ನೂ ಆ ಕಡೆ ತಿರುಗಿಸಿ, ತಾನೂ ಮುಖ ತಿರುಗಿಸಿದಳು. "ಈಗ ಪಾಸ್‌ವರ್ಡ್ ಹಾಕು. ಎಂಟರ್ ಒತ್ತಬೇಡ, ಪಕ್ಕದಲ್ಲಿರೋ ಕಣ್ಣಿನ ಗುರುತು ಒತ್ತು. ಏನು ಕಾಣ್ತಿದೆ?"

"ಅಯ್ಯೋ, ಬರೀ ಅಕ್ಷರ! ಅಂಕಿ ಒಂದೂ ಇಲ್ವಲ್ಲೇ! ನಾನು ಒತ್ತಿದೀನಿ ಕಣೇ."

"ಒತ್ತಿದೀಯ. ಒರೆಸೋವಾಗ ಬಲಗಡೆ ಅಂಕಿಗಳಿಗೆ ಬೀಗ ಹಾಕೋ 'ನಮ್ ಲಾಕ್' ಅನ್ನೋ ಕೀನೂ ಒತ್ತಿದೀಯ. ಅದರ ದೀಪ ಆರಿದೆ ನೋಡು. ಅದು ಆರಿದ್ರೆ ಆ ಕಡೆ ಅಂಕಿಗಳು ಮೂಡಲ್ಲ. ಎಡಗಡೆ ಕ್ಯಾಪ್ಸ್ ಲಾಕ್ ಇದೆಯಲ್ಲ, ಅದರ ದೀಪ ಹತ್ತಿದ್ರೆ ಇಂಗ್ಲಿಷ್ ಅಕ್ಷರಗಳೆಲ್ಲ ದೊಡ್ಡವಾಗಿ ಬಿದ್ದು ಇದೇ ಗೋಳು."

ಅಕ್ಕ ಬಲಗಡೆಯ ಆ ಕೀ ಒತ್ತಿದಳು. ಪುಟ್ಟ ದೀಪ ಹತ್ತಿತು. ಪಾಸ್‌ವರ್ಡನ್ನು ಮೊದಲಿಂದ ಹಾಕಿದಳು. ಆರ್ಡರುಗಳೆಲ್ಲ ಕಣ್ಣೆದುರು ಸಾಲಾಗಿ ನಿಂತವು.

"ಹಾಗಾದ್ರೆ ನನ್ನ ತಲೆ..." ಅಕ್ಕ ಗೆಳತಿಯ ಕಡೆ ತಿರುಗಿದಳು.

"ನೆಟ್ಟಗಿದೆ. ಕಿತಾಪತಿಯೆಲ್ಲ ನಿನ್ನ ಒರೆಸೋ ಬಟ್ಟೇದು. ಇನ್ಮೇಲೆ ಆನ್ ಮಾಡೋಕೆ ಮುಂಚೆ ಒರೆಸು."

ಒಪ್ಪಿಗೆ ಹೋಯಿತು. ಓರಗಿತ್ತಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಅಕ್ಕಾ, ನಂಗೂ ಬೇರೆ ಲಾಗಿನ್ ಮಾಡಿಸ್ಕೊಡು. ನೀನು ರಜೆ ಹಾಕಿದ ದಿನ ಯಾರಾದ್ರೂ ಬೇಕಲ್ಲ. ನಾನಂತೂ ಒರೆಸೋ ಜಾಯಮಾನದವಳೇ ಅಲ್ಲ!"

ಅಕ್ಕಂದಿರೇ, ತಂಗಿಯರೇ, ಕಂಪ್ಯೂಟರ್ ಒಳಗೆ ಬಿಡದಿದ್ದರೆ ನಿಮ್ಮ ಬುದ್ಧಿಯನ್ನು ಹಳಿದುಕೊಳ್ಳಬೇಡಿ. ಕೈ ನಿಲ್ಲಿಸಿ, ಪರದೆ ಹೇಳುವುದನ್ನು ಓದಿ. ಹೆಸರು ನಿಮ್ಮದೇ ಎಂದೂ ದೀಪಗಳು ಸರಿಯಿವೆ ಎಂದೂ ನೋಡಿಕೊಳ್ಳಿ. ನಿಜವಾಗಿಯೂ ಮರೆತಿದ್ದರೆ ಅದೇನು ಅವಮಾನವಲ್ಲ, ಬಲ್ಲವರನ್ನು ಕರೆದು ಹೊಸದು ಮಾಡಿಕೊಳ್ಳಿ. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ. ಹೆದರಿಕೆಯನ್ನು ಮಾತ್ರ ಮುಚ್ಚಿಡಬೇಡಿ.