ಕುಂಟು ಕುರ್ಚಿ

"ಒಂದೇ ಒಂದು ಸಾಲು," ಎಂದು ದೊಡ್ಡಪ್ಪ ಮತ್ತೆ ಹೇಳುವಷ್ಟರಲ್ಲಿ ಕುರ್ಚಿ ಬಲಕ್ಕೆ ವಾಲಿತು. ಅವರು ಬಲಗಾಲನ್ನು ನೆಲಕ್ಕೊತ್ತಿ ನೆಟ್ಟಗೆ ಕೂತರು.

ಅವರು ಅಲ್ಲಿ ಯಾರಿಗೂ ದೊಡ್ಡಪ್ಪನಲ್ಲ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಕಚೇರಿಯ ಎಲ್ಲ ತಂಡಗಳೂ ತಮ್ಮ ಪ್ರೋಗ್ರಾಮುಗಳೊಳಗೆ ಬಳಸುವ, ಲೈಬ್ರರಿ ಎಂದು ಕರೆಯುವ ಸಾಮಾನ್ಯ ಕೋಡನ್ನು ಬರೆದು, ತಲೆಗೂದಲನ್ನು ಅದಕ್ಕೇ ಒಪ್ಪಿಸಿದ್ದರಿಂದ ಬಂದ ಹೆಸರು. ನೋಂದಣಿ, ಔಷಧಿ, ಹಾಸಿಗೆ, ಯಾವ ಪ್ರೋಗ್ರಾಮೇ ಆಗಲಿ, ರೋಗಿಯ ದಾಖಲೆ ಮೆಮೊರಿಯಲ್ಲಿ ಎಲ್ಲಿದೆಯೆಂಬ ವಿಳಾಸವನ್ನು ಈ ಲೈಬ್ರರಿಯ ಕೈಗಿಡಬೇಕು. ಪ್ರಜ್ಞೆಯಿಲ್ಲದವನೊಬ್ಬ ಹೆಸರೂ ಇಲ್ಲದೆ ಬಂದರೆ ದಾಖಲೆ ಇರುವುದಿಲ್ಲ. ವಿಳಾಸ ಖಾಲಿ, ಅವರ ಭಾಷೆಯಲ್ಲಿ ನಲ್. ಲೈಬ್ರರಿ ಹಿಂದೆಮುಂದೆ ನೋಡದೆ ಆ ಖಾಲಿಗೇ ಕಾಲಿಟ್ಟು ಕುಸಿಯುತ್ತಿತ್ತು. ಆಸ್ಪತ್ರೆಯ ಪರದೆಗಳೆಲ್ಲ ಒಟ್ಟಿಗೇ ಕಪ್ಪಾಗುತ್ತಿದ್ದವು.

ಕುಸಿದ ಜಾಗದಲ್ಲಿ ಕಾಣುವುದು ಲೈಬ್ರರಿಯ ಹೆಸರು. ಕುಸಿತ ಯಾರ ತಲೆಗೆ ಬಂತೋ ಅವರು ಸಭೆಗಳಲ್ಲಿ ಮೇಜಿನ ತುದಿಯ ಕುಂಟು ಕುರ್ಚಿಯಲ್ಲಿ ಕೂರಬೇಕೆಂಬುದು ಅಲ್ಲಿಯ ರೂಢಿ. ತಮಾಷೆಗೆ ಶುರುವಾದದ್ದು. ಯಾರನ್ನು ಮನೆಗೆ ಕಳಿಸಬೇಕೆಂದು ಮ್ಯಾನೇಜರ್ ಆ ಕುರ್ಚಿ ನೋಡಿಯೇ ತೀರ್ಮಾನಿಸತೊಡಗಿದ ಮೇಲೂ ಅದನ್ನು ತಮಾಷೆಯೆಂದೇ ಕರೆಯುತ್ತಿದ್ದರು.

"ಆ ಸಾಲು ಸೇರಿಸಿದ್ರೆ, ಖಾಲಿ ಬಂತಾ ಅಂತ ಲೈಬ್ರರಿ ಮೊದ್ಲು ನೋಡುತ್ತೆ," ಎಂದರು ದೊಡ್ಡಪ್ಪ. "ಬಂದಿದ್ರೆ ಮುಟ್ಟಲ್ಲ. ಯಾರು ಕೊಟ್ರು ಅಂತ ಬರೆದಿಟ್ಟು ವಾಪಸ್ ಕಳಿಸುತ್ತೆ. ಒಂದು ಪರದೇನೂ ಆರಲ್ಲ."

"ಯಾರು ಕೊಟ್ರು ಅನ್ನೋದು ಯಾಕೆ ಬೇಕು ದೊಡ್ಡಪ್ಪ?" ನೋಂದಣಿಯ ಕನ್ನಡಕದವನ ದನಿ ಬಲು ಮೃದುವಾಗಿತ್ತು.

"ಇಲ್ದಿದ್ರೆ ತಪ್ಪು ಮುಚ್ಚಿಹೋಗುತ್ತಲ್ಲಪ್ಪ. ಕುಸಿಯೋದಕ್ಕಿಂತ ಕೆಟ್ಟದ್ದು ಅದು."

ಯಾವುದಾದರೊಂದು ತಂಡ ಮೊದಲು ಬಳಸಿ ನೋಡುತ್ತೇವೆಂದರೆ ಮಾತ್ರ ಲೈಬ್ರರಿಯಲ್ಲಿ ಬದಲಾವಣೆ ಮಾಡಬಹುದಿತ್ತು. ಕನ್ನಡಕದವನು ಯೋಚಿಸೋಣ ಎಂದ. ಹಾಸಿಗೆ ತಂಡದವಳು ವೇಗ ಕಮ್ಮಿಯಾದರೆ ಎಂದು ಕಳವಳಪಟ್ಟಳು. ಉಳಿದದ್ದು ಔಷಧಿ ತಂಡದ ಅಕ್ಕ.

ಅಕ್ಕನಿಗೆ ಕೆಲಸ ಕಲಿಸಿದ್ದೇ ದೊಡ್ಡಪ್ಪ. ಕಳೆದ ವಾರ ಲೈಬ್ರರಿ ಕುಸಿದಾಗ ಖಾಲಿ ವಿಳಾಸ ಕೊಟ್ಟದ್ದು ತನ್ನ ಪ್ರೋಗ್ರಾಮೇ ಎಂದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಬಾಯಿಬಿಟ್ಟಿರಲಿಲ್ಲ. ಈಗಲೂ ಅವಳನ್ನು ಸುಮ್ಮನೆ ನೋಡಿದರು, ಉತ್ತರ ಗೊತ್ತಿರುವ ಮಗುವನ್ನು ಮೇಷ್ಟ್ರು ನೋಡುವ ಹಾಗೆ.

"ನಂಗಿದರಲ್ಲಿ ಅಷ್ಟು ತಿಳಿಯಲ್ಲ ದೊಡ್ಡಪ್ಪ," ಎಂದಳು ಅಕ್ಕ. "ಟೀ ತರಿಸ್ಲಾ?"

ದೊಡ್ಡಪ್ಪ ಅವಳ ಮೇಲಿಂದ ಕಣ್ಣು ತೆಗೆದರು.

"ಸಕ್ಕರೆ ಬೇಡ," ಎಂದರು.

ತಿಂಗಳ ಕೊನೆಗೆ ಅವರನ್ನು ಕಳಿಸಿಕೊಟ್ಟರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಅವರನ್ನು ಅಡಿಪಾಯ ಎಂದರು; ಕನ್ನಡಕದವನಂತೂ ಕಣ್ಣು ಒರೆಸಿಕೊಂಡ. ಕೊನೆಗೆ ಮ್ಯಾನೇಜರ್ ಎದ್ದು, "ಲೈಬ್ರರಿ ಅನಾಥ ಆಗಬಾರದು. ಅವರ ಶಿಷ್ಯೆ ಇದ್ದಾರಲ್ಲ, ಇನ್ನು ಮುಂದೆ ಅವರೇ ನೋಡ್ಕೋತಾರೆ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು, ತುಸು ತಡವಾಗಿ.

ಹೆಸರಿಲ್ಲದ ರೋಗಿಗಳು ಬರುವುದನ್ನೇನೂ ನಿಲ್ಲಿಸಲಿಲ್ಲ. ಆಸ್ಪತ್ರೆಯೊಂದರ ಪರದೆಗಳು ಅರ್ಧ ದಿನ ಕಪ್ಪಾದ ಮರುದಿನ ಸಭೆ ಸೇರಿತು. ಈ ಸಲ ಖಾಲಿ ಕೊಟ್ಟದ್ದು ನೋಂದಣಿಯವರೆಂದು ಅಕ್ಕನಿಗೆ ಅನುಮಾನವಿತ್ತು. ಆದರೆ ಯಾರು ಕೊಟ್ಟರೆಂದು ಎಲ್ಲೂ ಬರೆದಿಟ್ಟಿರಲಿಲ್ಲ.

"ಒಂದೇ ಒಂದು ಸಾಲು," ಎಂದಳು.

"ಯೋಚಿಸೋಣ ಅಕ್ಕ," ಎಂದ ಕನ್ನಡಕದವನು ಬಲು ಮೃದುವಾಗಿ. "ಟೀ ತರಿಸ್ಲಾ?"

ಕುರ್ಚಿ ಬಲಕ್ಕೆ ವಾಲಿತು. ಮೇಜಿನಡಿ ನೆಲಹಾಸು ಒಂದು ಹಿಮ್ಮಡಿಯಷ್ಟು ಸವೆದು ನುಣುಪಾಗಿತ್ತು. ಅವಳು ಕಾಲನ್ನು ಅಲ್ಲಿಟ್ಟು ಒತ್ತಿದಳು.