ಮೂರನೆಯ ತಂಡದ ಆಟಗಾರ

ತಲೆ ಮತ್ತೆ ಮುಂದಕ್ಕೆ ವಾಲಿತು. ಮುತ್ತಣ್ಣ ತಮ್ಮನ ಹಣೆಯನ್ನು ಅಂಗೈಯಿಂದ ಎತ್ತಿ ಹಿಡಿದ. ಪ್ರಭುಲಿಂಗಪ್ಪ ಕಾಕಾ ಬಿಳಿ ವಸ್ತ್ರವನ್ನು ಗದ್ದದ ಕೆಳಗಿಂದ ತಂದು ಗೋಡೆಯ ಗೂಟಕ್ಕೆ ಬಿಗಿದ. ಈಗ ಸಿದ್ದಾರೂಢ ನೆಟ್ಟಗೆ ಕೂತ. ಎಡಗೈಯಲ್ಲಿ ಲಿಂಗ, ಕೈ, ತೋಳು, ಮುಖದ ತುಂಬ ವಿಭೂತಿ. ನಸುಕಿನಲ್ಲಿ ಎದೆನೋವೆಂದು ಎದ್ದವನು ಗಜೇಂದ್ರಗಡದ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಇನ್ನೂ ಐವತ್ತು ತುಂಬಿರಲಿಲ್ಲ.

ರೋಣದಿಂದ ಓಡಿಬಂದಿದ್ದ ತಂಗಿ ಮಹೇಶ್ವರಿ ಅವನ ಮಗ್ಗುಲಲ್ಲೇ ಕೂತಿದ್ದಳು. ಸೂಡಿ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೂ ಏರಿಸಿ, ಸ್ವಲ್ಪ ಅತ್ತು, ಗೋಡೆಗುಂಟ ಕೂತರು. ಹುಟ್ಟುಗುರುಡ, ಮದುವೆಯಿಲ್ಲ, ಅಣ್ಣನ ಮನೆಯ ಪಡಸಾಲೆಯಲ್ಲೇ ಆಯುಷ್ಯ ಕಳೆದವನು. ಅವನ ಬಗ್ಗೆ ಆಡಲು ಅವರಿಗೆ ಹೆಚ್ಚು ಮಾತು ಸಿಗಲಿಲ್ಲ. ನೆರೆಮನೆಯ ತಿಪ್ಪವ್ವ ಮಾತ್ರ ಪಕ್ಕದವಳ ಕಡೆ ಬಾಗಿ ದನಿ ತಗ್ಗಿಸಿದಳು.

“ಸಂಜಿ ಆತಂದ್ರ ಫೋನ್ ಹಿಡಕೊಂಡು ಮಾಳಗಿ ಏರತಿದ್ದನವ್ವ. ಆನ್ನಾ ಅಂತಿದ್ದ, ಬೆಲ್ಲಾ ಅಂತಿದ್ದ, ಈವಾ ಅಂತಿದ್ದ. ಎಲ್ಲಾ ಹೆಣ್ಣಮಕ್ಕಳ ಹೆಸರ. ಯಾರಿದ್ರೋ ಏನೋ.”

ಮಹೇಶ್ವರಿಗೆ ಆ ಹೆಸರುಗಳು ಗೊತ್ತಿದ್ದವು. ಹೇಳಬೇಕೆನಿಸಿತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅಣ್ಣನ ಕೊರಳ ಹಾರ ಸರಿಮಾಡಿದಳು. ಅಷ್ಟರಲ್ಲಿ ಗೋಡೆಗೆ ತೂಗುಹಾಕಿದ್ದ ಅವನ ಅಂಗಿಯ ಕಿಸೆಯೊಳಗೆ ಫೋನು ರಿಂಗಣಿಸತೊಡಗಿತು. ಮಂದಿಯೆಲ್ಲ ಆ ಅಂಗಿಯನ್ನೇ ನೋಡಿದರು. ಮಹೇಶ್ವರಿ ಎದ್ದು ಫೋನು ತೆಗೆದು ಕಿವಿಗೆ ಹಿಡಿದಳು. ಆ ಕಡೆಯ ಹೆಣ್ಣುದನಿ ಯಾರು, ಏನು ಎನ್ನದೆ ನೇರ ಮಾತಿಗಿಳಿಯಿತು.

“ಸಂಜಿತನಕಾ ತಡಿಯಾಕ ಆಗಲಿಲ್ರಿ. ಕುದರಿ, ಫೆಲಿಕ್ಸ್ ಐದು. ಈಗ ಏನ್ ಮಾಡ್ತೀರಿ ಹೇಳ್ರಿ.”

ಮಹೇಶ್ವರಿ ಹಿತ್ತಲಿಗೆ ನಡೆದಳು. ತಾನು ಸಿದ್ದಾರೂಢನ ತಂಗಿ ಎಂದಳು. ಅಣ್ಣ ಹೋದ ಎಂದಳು. ಆಮೇಲೆ ಆ ದನಿ ಹೇಳಿತು: “ನಾ ನರಗುಂದದಾಕಿರಿ, ಖಾಜಾಬಿ. ನಾ ಬರೂತನಕಾ ಅವರನ್ನ ಎತ್ತಬ್ಯಾಡ್ರಿ.”

*

ಕೆಲವು ವರ್ಷಗಳ ಹಿಂದೆ ಚೆನ್ನೈಯಲ್ಲಿ ಕಣ್ಣಿಲ್ಲದವರ ಅಂತರರಾಷ್ಟ್ರೀಯ ಚದುರಂಗ ಸ್ಪರ್ಧೆ ನಡೆದಿತ್ತು. ಒಬ್ಬೊಬ್ಬರದಲ್ಲ, ದೇಶದೇಶದ ತಂಡಗಳದು. ಇನ್ನೇನು ಆಟ ಶುರುವಾಗಬೇಕು, ಒಂದು ತಂಡ ಬರುವುದಿಲ್ಲವೆಂದು ಗೊತ್ತಾಯಿತು. ಜೋಡಿ ತಪ್ಪಿತು. ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಉಳಿದರೆ ಮನೆಯವರೇ ಯಾರಾದರೂ ಕೂರುತ್ತಾರಲ್ಲ, ಹಾಗೆ ಸ್ಪರ್ಧೆ ನಡೆಸುವ ದೇಶವೇ ಇನ್ನೊಂದು ತಂಡ ಕಟ್ಟಬೇಕಾಯಿತು. ಅದು ಭಾರತದ ಮೂರನೆಯ ತಂಡ. ಗದಗಿನ ಅಂಧರ ಶಾಲೆಯಲ್ಲಿ ಆಟ ಕಲಿತು, ರಾಜ್ಯದ ಸ್ಪರ್ಧೆಗಳಲ್ಲಿ ಆಡಿಬಂದಿದ್ದ ಸಿದ್ದಾರೂಢನಿಗೆ ಕರೆ ಬಂತು. ಮುತ್ತಣ್ಣನ ಹೊಲದಲ್ಲಿ ಕಡಲೆಯ ರಾಶಿ ನಡೆದಿತ್ತು. ಮಹೇಶ್ವರಿ ಗಂಡನನ್ನು ಒಪ್ಪಿಸಿ ಅಣ್ಣನ ಕೈಹಿಡಿದು ರೈಲು ಹತ್ತಿದಳು.

ಅಂಥ ಜಾಗವನ್ನು ಅವಳು ನೋಡಿರಲಿಲ್ಲ. ಉದ್ದನೆಯ ಸಭಾಂಗಣ, ಮೇಜಿಗೊಂದು ದೇಶದ ಬಾವುಟ. ಎದುರುಬದುರು ಕೂತ ಇಬ್ಬರಿಗೂ ಬೇರೆಬೇರೆ ಮಣೆ, ಕಾಯಿ ನೆಡಲು ಮನೆಮನೆಗೂ ತೂತು. ಒಬ್ಬ ತನ್ನ ಮಣೆಯಲ್ಲಿ ನಡೆಸಿ ಬಾಯಿಬಿಟ್ಟು ಹೇಳಬೇಕು; ಇನ್ನೊಬ್ಬ ಅದನ್ನು ತನ್ನ ಮಣೆಯಲ್ಲಿ ನೆಡಬೇಕು. ಭಾಷೆ ನೂರಿದ್ದರೂ ಮಣೆಯ ಎಂಟು ಸಾಲುಗಳ ಹೆಸರು ಎಲ್ಲರಿಗೂ ಒಂದೇ: ಆನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಹೀಗೆ; ಹೆಸರಿನ ಜೊತೆಗೆ ಮನೆಯ ಸಂಖ್ಯೆ. ಮೊದಲ ದಿನ ಮಹೇಶ್ವರಿ ಇವರೆಲ್ಲ ಎಲ್ಲಿ ಕೂತಿದ್ದಾರೆಂದು ಸುತ್ತಲೂ ಹುಡುಕಿದ್ದಳು.

ಮೂರನೆಯ ತಂಡ ದಿನಾ ಸೋತಿತು. ಗೆಲ್ಲಲೆಂದು ಅವರನ್ನು ಯಾರೂ ಕರೆದೂ ಇರಲಿಲ್ಲ. ಕೊನೆಯ ದಿನ ಸಿದ್ದಾರೂಢನ ಎದುರಿಗೆ ಪೋಲೆಂಡಿನ ಒಬ್ಬ ಮುದುಕ ಕೂತ. ತಂಡದ ಉಳಿದ ಮೂವರು ಬೇಗನೆ ಸೋತು ಎದ್ದುಹೋದರು. ಅಕ್ಕಪಕ್ಕದ ಮೇಜುಗಳೂ ಒಂದೊಂದಾಗಿ ಖಾಲಿಯಾದವು. ಕೆಲಸದವರು ಕುರ್ಚಿ ಮಡಚಿದರು, ಬಾವುಟ ಕಿತ್ತರು, ಜಮಖಾನೆ ಸುತ್ತುತ್ತ ಇವರ ಕಾಲ ಬುಡದವರೆಗೂ ಬಂದು ನಿಂತರು. ಬರಿದಾದ ಅಷ್ಟು ದೊಡ್ಡ ಜಾಗದಲ್ಲಿ ಇಬ್ಬರ ದನಿಯೇ ಕೇಳುತ್ತಿತ್ತು. ಒಬ್ಬನದು ‘ಈವಾ ನಾಲ್ಕು’, ಇನ್ನೊಬ್ಬನದು ‘ಡೇವಿಡ್ ಆರು’. ಆಟ ಸಮವಾಯಿತು. ಅರ್ಧ ಅಂಕ.

ಮರಳುವಾಗ ರೈಲಿನಲ್ಲಿ ಅವನು ಬಹಳ ಹೊತ್ತು ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದ.

“ಅಲ್ಲಿ ಒಬ್ಬರೂ ನನ್ನ ಕಣ್ಣಿನ ಮಾತ ತಗೀಲಿಲ್ಲ ನೋಡ, ಮಹೇಶ್ವರಿ” ಎಂದ. “ಬರೇ ಆಟದ ಮಾತು.”

ಊರಿನ ಶಾಲೆಯಲ್ಲಿ ಶಾಲು ಹೊದಿಸಿದರು. ಧಾರವಾಡದ ರೇಡಿಯೋದವರು ಕರೆಸಿ ಮಾತಾಡಿಸಿದರು. ಆಮೇಲೆ ಕಟ್ಟೆಯ ಮೇಲೆ ಕೂಡುವ ಮಂದಿ ಅವನಿಗೆ ‘ಇಂಡಿಯಾ’ ಎಂದು ಹೆಸರಿಟ್ಟರು. ಆ ಹೆಸರಿಗೆ ಅವನು ಒಮ್ಮೆಯೂ ಓಗೊಡಲಿಲ್ಲ. ಮುತ್ತಣ್ಣ ಎರಡು ಸಂಜೆ ಮಣೆಯ ಮುಂದೆ ಕೂತು, ಕುದುರೆಯನ್ನು ನೆಟ್ಟಗೆ ಓಡಿಸಿ, ಇದು ನನ್ನ ಕೆಲಸವಲ್ಲವೆಂದು ಎದ್ದ. ಊರಲ್ಲಿ ಮತ್ತೆ ಯಾರೂ ಅವನ ಎದುರಿಗೆ ಕೂರಲಿಲ್ಲ.

*

ಹೊತ್ತು ವಾಲಿತು. ಹೊಲದಲ್ಲಿ ಕುಣಿ ತೋಡಿ ಮುಗಿಸಿದವರು ಬಂದು ಬಾಗಿಲಲ್ಲಿ ನಿಂತಿದ್ದರು. ಹೆಣ ಕೂಡಿಸಿ ಹೊರಲು ಬಾಳೆಕಂಬ ಕಟ್ಟಿದ ವಿಮಾನ ಅಂಗಳದಲ್ಲಿ ತಯಾರಿತ್ತು. ನರಗುಂದದ ಯಾರೋ ಹೆಣ್ಣುಮಗಳಿಗಾಗಿ ಹೆಣ ಕಾಯಿಸುವುದು ಪ್ರಭುಲಿಂಗಪ್ಪ ಕಾಕಾನಿಗೆ ಸರಿಬರಲಿಲ್ಲ. ಹೊತ್ತು ಮುಳುಗಿದರೆ ಹೇಗೆ, ಕ್ರಿಯೆ ಮಾಡಿಸಲು ಬಂದ ಸ್ವಾಮಿಗಳು ಎಷ್ಟೊತ್ತು ಕೂರಬೇಕು, ಮಂದಿ ಏನನ್ನಬೇಕು ಎಂದು ಒಂದೇ ಸಮನೆ ಕೇಳಿದ. ಮಹೇಶ್ವರಿಗೆ ಹಿರಿಯರೆದುರು ಮಾತಾಡಿ ರೂಢಿಯಿರಲಿಲ್ಲ.

“ಅವನ ಜೋಡಿ ಆಡಾಕಿ ಬರಾಕತ್ತಾಳ, ಕಾಕಾ. ಅವನಿಗೆ ಮತ್ಯಾರ ಇದ್ರು?” ಎಂದಳು.

ಮುತ್ತಣ್ಣ ತಲೆ ತಗ್ಗಿಸಿದ. “ತಡೀರಿ ಕಾಕಾ” ಎಂದ.

ಸಿದ್ದಾರೂಢನನ್ನು ಎತ್ತಿ ವಿಮಾನದಲ್ಲಿ ಕೂಡಿಸುವ ಹೊತ್ತಿಗೆ ಊರ ಅಗಸೆಬಾಗಿಲ ಕಡೆಯಿಂದ ಇಬ್ಬರು ನಡೆದು ಬಂದರು. ಮುಂದೆ ನರೆತ ಗಡ್ಡದ ಗಂಡಸು. ಅವನ ಭುಜದ ಮೇಲೆ ಕೈಯಿಟ್ಟು, ಸೆರಗು ಹೊದ್ದ ನಲವತ್ತರ ಹೆಂಗಸು. ಅವಳಿಗೂ ಕಣ್ಣಿರಲಿಲ್ಲ. ಗಂಡಸು ತಾನು ಖಾಜಾಬಿಯ ಅಣ್ಣ ನಬೀಸಾಬ ಎಂದು ಹೇಳಿಕೊಂಡ. ರೋಣದಲ್ಲಿ ಬಸ್ಸು ತಪ್ಪಿತೆಂದು ಕೈಮುಗಿದ. ರೇಡಿಯೋದಲ್ಲಿ ಸಿದ್ದಾರೂಢನ ಮಾತು ಕೇಳಿ ತಂಗಿ ಅವನ ನಂಬರು ಹುಡುಕಿಸಿದ್ದಳಂತೆ. ಅಂದಿನಿಂದ ಸಂಜೆ ತಪ್ಪದೆ ಆಟ. ಒಮ್ಮೆ ಸೂಡಿಗೆ ಹೋಗಿಬರೋಣವೆಂದು ನಬೀಸಾಬ ಎಷ್ಟೋ ಸಲ ಅಂದಿದ್ದ. ಮಂದಿ ಸುಮ್ಮನೆ ಬಿಡುವುದಿಲ್ಲ, ಬೇಡ ಎಂದು ಅವಳೇ ತಡೆದಿದ್ದಳು.

ಖಾಜಾಬಿ ಅಳಲಿಲ್ಲ. ಮಹೇಶ್ವರಿ ತೋಳು ಹಿಡಿದು ವಿಮಾನದ ಹತ್ತಿರ ಕರೆತಂದಾಗ, “ಆಟ ಮುಗದ ಮ್ಯಾಲೆ ಕೈ ಕೊಡೂದು ಪದ್ಧತಿ ಐತ್ರಿ, ಅಕ್ಕಾರ” ಎಂದಳು. “ಫೋನಿನ್ಯಾಗ ಅದೊಂದ ಆಗತಿರಲಿಲ್ಲ.”

ಪೂಜೆಯಾದ ಮೈ, ಮುಟ್ಟಬಾರದೆಂದು ಹಿಂದಿನಿಂದ ಯಾರೋ ಗೊಣಗಿದರು. ಕಾಕಾ ಒಂದು ಹೆಜ್ಜೆ ಮುಂದೆ ಬಂದ. ಮಹೇಶ್ವರಿ ಅವನ ಕಡೆ ನೋಡಲಿಲ್ಲ. ಹಾರಗಳ ಅಡಿಯಿಂದ ಅಣ್ಣನ ಬಲಗೈಯನ್ನು ಹೊರತೆಗೆದು ಖಾಜಾಬಿಯ ಕೈಯೊಳಗಿಟ್ಟಳು. ಸೆಟೆದು ತಣ್ಣಗಾಗಿದ್ದ ಆ ಬೆರಳುಗಳನ್ನು ಖಾಜಾಬಿ ಬಿಗಿಯಾಗಿ ಹಿಡಿದಳು.

“ಭಾಳ ದೊಡ್ಡ ಕೈ” ಎಂದಳು ಅವಳು, ಮಹೇಶ್ವರಿಗೆ ಮಾತ್ರ ಕೇಳುವಂತೆ. “ದನಿ ಸಣ್ಣದಿತ್ತಲ್ರಿ. ಕೈನೂ ಸಣ್ಣದ ಇರಬೇಕು ಅನ್ಕೊಂಡಿದ್ದೆ.”

ಭಜನೆಯ ತಾಳ ಎದ್ದಿತು. ವಿಮಾನ ಹೆಗಲೇರಿ ಓಣಿಯ ತಿರುವು ದಾಟಿತು. ಮಹೇಶ್ವರಿ ಗುಂಪಿನೊಂದಿಗೆ ಹೋಗಲಿಲ್ಲ. ಇಬ್ಬರನ್ನೂ ಬಸ್ ನಿಲ್ದಾಣದವರೆಗೆ ಕಳಿಸಲು ಹೊರಟಳು. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಬಸ್ಸು ತುಂಬಿಕೊಂಡೇ ಬಂತು. ನಬೀಸಾಬ ಒಂದು ಸೀಟು ಬಿಡಿಸಿ ತಂಗಿಯನ್ನು ಕಿಟಕಿಯ ಬದಿಗೆ ಕೂಡಿಸಿದ. ಕಂಬಿ ಹಿಡಿದುಕೋ ಎಂದ. ಅವಳು ಎಡಗೈಯಿಂದ ಹಿಡಿದಳು. ಬಲಗೈಯನ್ನು ಮಾತ್ರ ಸೀರೆಗಾಗಲಿ ಸೀಟಿಗಾಗಲಿ ತಾಗದಂತೆ ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು. ಬಸ್ಸು ಹೊರಳುವಾಗ ಮಹೇಶ್ವರಿ ಅದನ್ನು ನೋಡಿದಳು. ಅಂಗೈ ತುಂಬ ವಿಭೂತಿ ಬೆಳ್ಳಗೆ ಅಂಟಿಕೊಂಡಿತ್ತು.