ಕೆಟ್ಟ ರಕ್ತದ ಬಾಟ್ಲಿ

ಹಳದಿ ಮುಚ್ಚಳದ, ಬೆರಳುದ್ದದ ರಕ್ತಪರೀಕ್ಷೆಯ ಕೊಳವೆ ನಾನು. ಹುಟ್ಟಾ ಪುಕ್ಕಲ. ಕಾರ್ಖಾನೆಯಲ್ಲಿ ನನ್ನೊಳಗಿನ ಗಾಳಿ ಹೀರಿ ಬಾಯಿ ಮುಚ್ಚಿದ ದಿನದಿಂದ ಎದೆ ಢವಢವ ಅನ್ನುತ್ತಲೇ ಇದೆ. ಯಾರ ರಕ್ತ ಬರುತ್ತದೋ, ಏನು ಸುದ್ದಿ ತರುತ್ತದೋ!

ಗದಗಿನ ಒಂದು ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ಎತ್ತಿಕೊಂಡಾಗ ಎದುರಿಗೆ ಕೂತಿದ್ದವನು ಹುಚ್ಚೀರಪ್ಪ, ಮದುವೆಗಳಲ್ಲಿ ಕ್ಲಾರಿನೆಟ್ ಊದುವವನು. ಹುಳುಕು ಹಲ್ಲಿನ ನೋವು ದವಡೆ ದಾಟಿ ಕುತ್ತಿಗೆಗೆ ಇಳಿದಿತ್ತು. ಹೆಂಡತಿ ಸಾಂತವ್ವ ಬಾವಿನ ಮೇಲೆ ಸುಣ್ಣ-ಬೆಲ್ಲ ಕಲಸಿ ದಪ್ಪಗೆ ಮೆತ್ತಿದ್ದಳು. ಅದು ಒಣಗಿ, ಕೆಳಗೆ ಏನಾಗಿದೆಯೋ ಕಾಣುವಂತಿರಲಿಲ್ಲ. ಜ್ವರದ ಗುಳಿಗೆ ನುಂಗಿ ಬಂದಿದ್ದರಿಂದ ಮೈಯೂ ತಣ್ಣಗಿತ್ತು.

"ಸುಣ್ಣಾ ಹಚ್ಚಿದ ಮ್ಯಾಲೆ ಬಾವು ಇಳದೈತ್ರೀ. ಗುಳಿಗಿ ಕೊಟ್ಟು ಕಳಸ್ರಿ, ನಾಳೆ ಲಗ್ನದಾಗ ಊದೂದೈತಿ," ಎಂದ. ಮಾತು ಬಾಯಲ್ಲಿ ತುತ್ತು ಇಟ್ಟುಕೊಂಡವನ ಹಾಗೆ ಬಂತು.

ಸೂಜಿ ಚುಚ್ಚಿದರು. ರಕ್ತ ನನ್ನೊಳಗೆ ಧುಮುಕಿತು. ಅಯ್ಯೋ ದೇವರೇ! ಮೈ ತಣ್ಣಗಿದ್ದರೇನು, ರಕ್ತ ಹೊತ್ತಿ ಉರಿಯುತ್ತಿತ್ತು. ಇವನನ್ನು ಮನೆಗೆ ಬಿಡಬೇಡಿ ಎಂದು ಕೂಗಬೇಕೆನಿಸಿತು. ನನಗೆಲ್ಲಿಯ ಬಾಯಿ? ಲ್ಯಾಬಿನ ಯಂತ್ರದಲ್ಲಿ ಗರಗರ ತಿರುಗಿ ಹೊರಬಂದೆ. ಕಿಟಕಿಯಾಚೆಯ ಬೆಂಚಿನಲ್ಲಿ ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಇನ್ನೇನು ಗತಿ!

ಅಷ್ಟರಲ್ಲಿ ವರದಿ ನೋಡಿದ ಡಾಕ್ಟರ್ ನಸ್ರೀನ್ ಬೆಂಚಿಗೇ ಓಡಿಬಂದರು. "ಎಲ್ಲಿಗೂ ಹೋಗಬ್ಯಾಡ್ರಿ! ರಕ್ತದಾಗ ಸೋಂಕು ತೋರ್ಸೂ ಸಿಆರ್‌ಪಿ ಈ ಪರಿ ಏರೈತಿ ಅಂದ್ರ ಕೀವು ಎದೀಗೆ ಇಳೀಬಹುದು, ಉಸಿರಿನ ದಾರಿ ಮುಚ್ಚಬಹುದು. ಮೊದ್ಲ ಆ ಸುಣ್ಣಾ ತೊಳೀರಿ."

ತೊಳೆದರೆ ಕುತ್ತಿಗೆ ಕೆಂಪಾಗಿ, ಕಟ್ಟಿಗೆಯಂತೆ ಬಿಗಿದಿತ್ತು. ಮಲಗಿಸಲು ಹೋದರೆ ಉಸಿರೇ ಸಿಗಲಿಲ್ಲ. "ನನ್ನ ಕೈಯಾರೆ ಮುಚ್ಚಿಟ್ನಲ್ಲೋ ಯಪ್ಪಾ!" ಎಂದು ಸಾಂತವ್ವ ಕುಸಿದಳು. ಸ್ಟ್ರೆಚರ್ ಆಪರೇಷನ್ ಕೋಣೆಗೆ ಓಡಿತು.

ನಾನು ಫ್ರಿಜ್ಜಿನ ಕತ್ತಲಲ್ಲಿ ಉಳಿದೆ. ಬದುಕಿದನೋ ಇಲ್ಲವೋ, ಹೇಳುವವರಿಲ್ಲ. ಎರಡು ದಿನ ಕಳೆದು ಮತ್ತೆ ಹೊರಗಿಟ್ಟಾಗ ಪಕ್ಕದಲ್ಲಿ ಅವನದೇ ಹೆಸರು ಅಂಟಿಸಿದ ಹೊಸ ಕೊಳವೆ ನಿಂತಿತ್ತು. ಹೆಣದಿಂದ ರಕ್ತ ತೆಗೆಯುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ.

ಲ್ಯಾಬಿನವನು ಕಿಟಕಿಯಲ್ಲಿ, "ಕೀವು ತಗದ ಮ್ಯಾಲೆ ಸೋಂಕು ಇಳ್ಯಾಕ ಹತ್ತೈತ್ರಿ ಅಕ್ಕಾರ," ಎಂದ. ಸಾಂತವ್ವ ಸರಳು ಹಿಡಿದು ಅತ್ತಳು. ಆಮೇಲೆ ನನ್ನತ್ತ ಬೆರಳು ತೋರಿಸಿದಳು.

"ಅದು ಮೊನ್ನೀದೇನ್ರಿ? ಆ ಕೆಟ್ಟ ರಕ್ತದ ಬಾಟ್ಲಿ ಮೊದ್ಲ ಒಗೀರಿ ಯಣ್ಣಾ, ನೋಡಿದ್ರ ಜೀವಾ ಹಾರತೈತಿ."

ಒಗೆದರು. ನನಗೆ ಬೇಸರವಿಲ್ಲ. ಆ ದಿನದ ಭಯವೆಲ್ಲ ನನ್ನ ಹೊಟ್ಟೆಯಲ್ಲೇ ಇರಲಿ, ಅವಳ ಮನೆಗೆ ಹೋಗದಿದ್ದರೆ ಸಾಕು. ಡಬ್ಬಿಯೊಳಗೆ ಬಿದ್ದು ಕಿಟಕಿಯಾಚೆಯ ಮಾತಿಗೆ ಕಿವಿಗೊಟ್ಟೆ.

"ಅವರಿಗೆ ಮತ್ತ ಊದಾಕ ಬರತೈತೇನ್ರಿ ಡಾಕ್ಟ್ರವ್ವಾ?"

"ಮೊದ್ಲ ಗಂಟಲದಾಗಿನ ಉಸಿರಿನ ನಳಿಗಿ ತಗದು ತಾವಾಗೇ ಉಸಿರಾಡ್ಲಿ, ತಾಯಿ."